ಗೋಧಿ ಪ್ರೋಟೀನಿನ ಚೀಟಿ

ಬೆಳಿಗ್ಗೆ ತಲೆ ಬಾಚಿಕೊಳ್ಳುತ್ತಿದ್ದ ಲೇಬಲ್ ಗುಮಾಸ್ತನ ಕೈಯಿಂದ ಬಾಚಣಿಗೆ ಜಾರಿದ್ದು ಹೆಂಡತಿಯ ಒಂದು ಮಾತಿಗೆ. ಅವನ ಕಾರ್ಖಾನೆಯ ಹೊಸ ಕೂದಲ ಕ್ರೀಮಿನ ಬಾಟಲಿಯನ್ನು ಅವಳು ಕಣ್ಣಿಗೆ ಹತ್ತಿರ ಹಿಡಿದು ಓದುತ್ತಿದ್ದಳು.

"ಇದ್ರಲ್ಲಿ ಗೋಧಿ ಇಲ್ಲ ನೋಡಿ. ನನ್ನ ತಂಗಿಗೂ ಒಂದು ತನ್ನಿ. ಗೋಧಿ ಸೋಕಿದ್ರೆ ಅವಳಿಗೆ ಮೈಯೆಲ್ಲ ತುರಿಸುತ್ತೆ."

ಗೋಧಿ ಇಲ್ಲದೆ ಇರುವುದುಂಟೆ? ಕೂದಲು ನಯವಾಗಲೆಂದು ಆ ಕ್ರೀಮಿಗೆ ಬೀಳುವುದೇ ಗೋಧಿ ಪ್ರೋಟೀನು. ಅದಕ್ಕೆ ನಿಷೇಧವೇನೂ ಇಲ್ಲ, ಆದರೆ ಹಾಕಿದರೆ ಲೇಬಲ್ಲಿನಲ್ಲಿ ಹೇಳಲೇಬೇಕು. ಅಚ್ಚಿಗೆ ಕೊಡುವಾಗ ಆ ಒಂದು ಸಾಲನ್ನು ಗುಮಾಸ್ತ ಮರೆತೇಬಿಟ್ಟಿದ್ದ. ತಪಾಸಣಾಧಿಕಾರಿ ಬರುವುದು ಅಂದೇ ಹನ್ನೊಂದಕ್ಕೆ. ಮೂರು ವರ್ಷದಿಂದ ಅವನು ಕಾಯುತ್ತಿದ್ದ, ಕೆಲಸ ಖಾಯಂ ಮಾಡುವ ಕಾಗದಕ್ಕೆ ಯಜಮಾನರು ಸಹಿ ಹಾಕುವುದೂ ಅಂದೇ.

ಕಾರ್ಖಾನೆಗೆ ಓಡಿಬಂದವನು ಪ್ಯಾಕಿಂಗ್ ವಿಭಾಗದ ಅಕ್ಕನ ಕಿವಿಯಲ್ಲಿ ಸಂಗತಿ ಉಸುರಿದ. ಅಕ್ಕನಿಗೆ ಗುಟ್ಟು ಹೇಳುವುದೂ ಡಂಗುರ ಸಾರುವುದೂ ಒಂದೇ. ಐದು ನಿಮಿಷದಲ್ಲಿ ಇಡೀ ಕಾರ್ಖಾನೆ ಬುದ್ಧಿ ಹೇಳಲು ನೆರೆಯಿತು. ಜ್ವರ ಅಂತ ಮಲಗಿಬಿಡು ಎಂದವರು ಉಗ್ರಾಣದವರು. ಬಾಟಲಿಗಳನ್ನೆಲ್ಲ ವ್ಯಾನಿಗೆ ತುಂಬಿ ಸಂಜೆಯವರೆಗೆ ಊರು ಸುತ್ತಿಸುತ್ತೇನೆ ಎಂದವನು ಡ್ರೈವರು. ಕೊನೆಗೆ ಅಕ್ಕನ ಮಾತೇ ಗೆದ್ದಿತು: 'ಗೋಧಿ ಪ್ರೋಟೀನ್ ಇದೆ' ಎಂದು ಚೀಟಿ ಮುದ್ರಿಸಿ ಆರುನೂರು ಬಾಟಲಿಗೂ ಅಂಟಿಸುವುದು. ಅಂಟು ಅವಳದೇ, ಸೋರುವ ಡ್ರಮ್ಮಿಗೆ ಹಚ್ಚುವಂಥದ್ದು.

ಮಿಕ್ಸಿಂಗ್ ರೂಮಿನಲ್ಲಿ ಕ್ರೀಮು ಕಲಸುವ ಹಿರಿಯರು ಏನೋ ಹೇಳಲು ಎರಡು ಸಲ ಬಾಯಿ ತೆರೆದರು. ಎರಡು ಸಲವೂ ಅಕ್ಕ ಅವರ ಕೈಗೆ ಒಂದೊಂದು ಕಟ್ಟು ಚೀಟಿ ತುರುಕಿದಳು. ಅಧಿಕಾರಿ ಒಳಗೆ ಕಾಲಿಡುವಾಗ ಕೊನೆಯ ಬಾಟಲಿ ಮುಗಿದಿತ್ತು. ಗುಮಾಸ್ತನ ಮೊಣಕೈಗೂ ಒಂದು ಚೀಟಿ ಅಂಟಿತ್ತು.

ಅಧಿಕಾರಿ ಬಾಟಲಿ ತಿರುಗಿಸಿ ನೋಡಿ, ಎದ್ದು ಕಾಣುವಂತೆ ಹಾಕಿದ್ದೀರಿ ಎಂದು ಮೆಚ್ಚಿದರು. ಯಜಮಾನರು ಜೇಬಿನಿಂದ ಪೆನ್ನು ತೆಗೆದರು. ಗುಮಾಸ್ತನಿಗೆ ಹೋದ ಜೀವ ಬಂತು. ಅಷ್ಟರಲ್ಲಿ ಅಧಿಕಾರಿ ವಾಡಿಕೆಯಂತೆ ಮಿಕ್ಸಿಂಗ್ ರಿಜಿಸ್ಟರ್ ಕೇಳಿ, ಬೆರಳಿಟ್ಟು ಸಾಲು ಸಾಲು ಓದಿದರು.

"ಪ್ರೋಟೀನ್ ಎಲ್ಲಿ?"

"ಹಾಕಿಲ್ಲ ಸಾರ್," ಎಂದರು ಹಿರಿಯರು. "ಲೇಬಲ್‌ನಲ್ಲಿ ಇಲ್ಲದ್ದನ್ನ ಡ್ರಮ್ಮಿಗೆ ಹಾಕಬಾರದು ಅಂತ ಹೋದ ತಿಂಗಳು ಈ ಗುಮಾಸ್ತರೇ ಬರೆದು ಗೋಡೆಗೆ ಹಾಕಿದಾರೆ. ಹೊಸ ಲೇಬಲ್ ಬಂತು, ಅದನ್ನ ನೋಡ್ಕೊಂಡೇ ಕಲಸಿದೆ. ಬೆಳಿಗ್ಗೆಯಿಂದ ಅದನ್ನೇ ಹೇಳೋಣ ಅಂತಿದ್ದೆ."

ಅಂದರೆ ಅಚ್ಚಾಗಿ ಬಂದಿದ್ದ ಲೇಬಲ್ ಅಪ್ಪಟ ಸತ್ಯ. ಸುಳ್ಳು ಹೇಳುತ್ತಿದ್ದದ್ದು ಆರುನೂರು ಹೊಸ ಚೀಟಿಗಳು. ಇಲ್ಲದ್ದನ್ನು ಇದೆ ಎನ್ನುವುದೂ ತಪ್ಪೇ, ಸಂಜೆಯೊಳಗೆ ಎಲ್ಲವನ್ನೂ ಕೀಳಿಸಿ ಎಂದು ಅಧಿಕಾರಿ ಬರೆದುಕೊಟ್ಟು ಹೋದರು.

ಯಜಮಾನರು ಪೆನ್ನಿಗೆ ಮುಚ್ಚಳ ಹಾಕಿದರು. "ಮೊದಲು ಇದು ಮುಗೀಲಿ. ಖಾಯಮ್ಮಿನ ವಿಷಯ ಆಮೇಲೆ ನೋಡೋಣ."

ಗುಮಾಸ್ತ ಮೊದಲ ಬಾಟಲಿಯ ಚೀಟಿಗೆ ಉಗುರು ಹಾಕಿ ಎಳೆದ. ಉಗುರು ಮುರಿಯಿತು, ಚೀಟಿ ಅಲ್ಲಾಡಲಿಲ್ಲ.

"ನೋಡಿದ್ಯಾ," ಎಂದಳು ಅಕ್ಕ ಹೆಮ್ಮೆಯಿಂದ, "ನೀರಲ್ಲಿ ನೆನೆಸಿಟ್ರೂ ಬಿಡಲ್ಲ ಇದು."