ಅತ್ತೆ ಓದಿದ ಆರು ಅಂಕಿ

ಹಲ್ಲುಜ್ಜುತ್ತಾ ಫೋನ್ ನೋಡುವ ಚಟ ಇಲ್ಲದಿದ್ದರೆ ದೂರು ಗುಮಾಸ್ತನಿಗೆ ಆ ದಿನ ಅಂಥ ಗತಿ ಬರುತ್ತಿರಲಿಲ್ಲ. ಬ್ರಷ್ಷು ಬಾಯಲ್ಲೇ ಉಳಿಯಿತು, ಫೋನು ತುಂಬಿದ ಬಕೆಟ್ಟಿಗೆ ಬಿತ್ತು. ಎತ್ತಿ, ಒರೆಸಿ, ಫ್ಯಾನಿನ ಕೆಳಗೆ ಮಲಗಿಸಿ ಉಪಚಾರ ಮಾಡಿದ್ದಾಯಿತು. ಜೀವ ಉಳಿಯಿತು, ಕಣ್ಣು ಹೋಯಿತು. ಮೆಸೇಜು ಬಂದರೆ ‘ಟಿಂಗ್’ ಎನ್ನುತ್ತಿತ್ತು, ಪರದೆ ಮಾತ್ರ ಕಪ್ಪಗೆ ಕೂತಿತ್ತು.

ಬೇರೆ ದಿನವಾಗಿದ್ದರೆ ಹಾಳಾಗಿ ಹೋಗಲಿ ಎಂದು ಬಿಡಬಹುದಿತ್ತು. ಆದರೆ ನೀರು ಸರಬರಾಜು ಕಚೇರಿಯ ದೂರು ಕಿಟಕಿಯಲ್ಲಿ ಹನ್ನೊಂದು ವರ್ಷ ಕೂತು, ನಲ್ಲಿಯಲ್ಲಿ ನೀರು ಬಾರದವರಿಂದಲೂ ಮನೆಯೊಳಗೆ ನೀರು ಬಂದವರಿಂದಲೂ ಬೈಸಿಕೊಂಡವನಿಗೆ ಇವತ್ತೇ ಬಿಡುಗಡೆಯ ದಿನ. ಬೆಟ್ಟದ ಮೇಲಿನ ಜಲಾಶಯದಲ್ಲಿ ಅಳತೆ ಗುಮಾಸ್ತನ ಹುದ್ದೆ ಖಾಲಿಯಾಗಿತ್ತು. ದಿನಕ್ಕೆರಡು ಸಲ ನೀರಿನ ಮಟ್ಟ ನೋಡಿ ಬರೆದರೆ ಮುಗಿಯಿತು. ಜಲಾಶಯ ಬೈಯುವುದಿಲ್ಲ. ಮೇಲಾಗಿ ಅಲ್ಲಿನ ಮನೆಗೆ ಒಂದೇ ಕೋಣೆ. ಗಂಡ ಹೆಂಡತಿಗೆ ಸಾಕು, ಜೊತೆಗಿರುವ ಅತ್ತೆಗೆ ಜಾಗವಿಲ್ಲ. ಈ ಕೊನೆಯ ಅನುಕೂಲವನ್ನು ಆತ ಅರ್ಜಿಯಲ್ಲಿ ಬರೆದಿರಲಿಲ್ಲ.

“ನಾಳೆ ಮೆಸೇಜ್ ಕಳಿಸ್ತೀನಿ,” ಎಂದಿದ್ದರು ದೊಡ್ಡ ಎಂಜಿನಿಯರು. “ಸಂಜೆ ನಾಲ್ಕು ಗಂಟೆಯೊಳಗೆ ನಿಮ್ಮ ನಂಬರಿಂದಲೇ ಉತ್ತರ ಬರಬೇಕು. ಫೋನ್ ಮಾಡಿ ತಲೆ ತಿಂದ್ರೆ ಇನ್ನೊಬ್ಬರಿಗೆ ಕೊಟ್ಟುಬಿಡ್ತೀನಿ.”

ಕಚೇರಿಯಲ್ಲಿ ಕೂತಿದ್ದಾಗ ಹನ್ನೊಂದೂ ನಲವತ್ತಕ್ಕೆ ಜೇಬಿನಲ್ಲಿ ‘ಟಿಂಗ್’ ಎಂದಿತು. ಸ್ವಲ್ಪ ಹೊತ್ತಿಗೆ ಮತ್ತೊಂದು ‘ಟಿಂಗ್’.

“ಸಿಮ್ ತೆಗೆದು ನನ್ನ ಫೋನಿಗೆ ಹಾಕಿ, ಎರಡು ನಿಮಿಷದ ಕೆಲಸ,” ಎಂದು ಟೈಪಿಸ್ಟಮ್ಮ ತಲೆಯ ಪಿನ್ನು ಕಿತ್ತು ತೂತಿಗೆ ಚುಚ್ಚಿದರು. ಪಿನ್ನು ಒಳಗೇ ಮುರಿಯಿತು. “ಅಯ್ಯೋ, ಅದು ಒಳ್ಳೇ ಪಿನ್ನು,” ಎಂದು ಗುಮಾಸ್ತನನ್ನೇ ದುರುಗುಟ್ಟಿ ನೋಡಿದರು.

ಹೆಡ್ ಗುಮಾಸ್ತರು ಕುರ್ಚಿ ಎಳೆದುಕೊಂಡು ಬಂದರು. “ಫೋನಿನ ಮೆಸೇಜೆಲ್ಲ ಕಂಪ್ಯೂಟರಿಗೂ ಬರುತ್ತೆ ಕಣ್ರೀ. ಅದ್ಯಾಕೆ ಒದ್ದಾಡ್ತೀರಿ? ನಿಮ್ಮ ಖಾತೆ ತೆರೀರಿ.”

ತೆರೆಯಲು ಹೋದರೆ ಕಂಪ್ಯೂಟರು ಅರ್ಧ ದಾರಿಯಲ್ಲಿ ಗರಬಡಿದಂತೆ ನಿಂತಿತು. ಕಿಟಕಿಯಾಚೆ ಸಾಲಿನಲ್ಲಿದ್ದ ದರ್ಜಿ ತನ್ನ ಒಡೆದ ಪೈಪನ್ನು ಮರೆತು ಕತ್ತು ಚಾಚಿದ. “ಸಾರ್, ಒಂದ್ಸಲ ಆಫ್ ಮಾಡಿ ಆನ್ ಮಾಡಿ.” ಇಡೀ ಸಾಲು ಹೌದು ಹೌದು ಎಂದಿತು. ಆಫ್ ಮಾಡಿದ್ದೇ ತಡ, ಕಂಪ್ಯೂಟರಿಗೆ ತನ್ನನ್ನು ತಾನು ಹೊಸದು ಮಾಡಿಕೊಳ್ಳುವ ಹುಕಿ ಬಂತು. ಮತ್ತೆ ಕಣ್ಣು ಬಿಟ್ಟಾಗ ಮೂರು ಗಂಟೆ. ಅಷ್ಟರಲ್ಲಿ ಗುಮಾಸ್ತ ಊಟವನ್ನೂ ಮರ್ಯಾದೆಯನ್ನೂ ಕಳೆದುಕೊಂಡಿದ್ದ.

ಈ ಸಲ ಖಾತೆ ತೆರೆಯುವ ಮೊದಲು ಪರದೆ ಕೇಳಿತು: ‘ನಿಮ್ಮ ಫೋನಿಗೂ ಟ್ಯಾಬಿಗೂ ಆರು ಅಂಕಿ ಕಳಿಸಿದ್ದೇವೆ. ನಮೂದಿಸಿ.’

ಜೇಬು ‘ಟಿಂಗ್’ ಎಂದಿತು. ಅಂಕಿ ಬಂದಿದೆ, ಕಾಣುವುದಿಲ್ಲ. ಗುಮಾಸ್ತನಿಗೆ ಅಳುವೇ ಬಂತು.

“ಟ್ಯಾಬ್ ಎಲ್ರೀ?” ಎಂದರು ಹೆಡ್ ಗುಮಾಸ್ತರು.

ಟ್ಯಾಬನ್ನು ಎರಡು ವರ್ಷದ ಹಿಂದೆ ಅತ್ತೆಗೆ ಕೊಟ್ಟಾಗಿತ್ತು. “ನನಗ್ಯಾಕೆ ಬೇರೆ ಖಾತೆ, ನಿಮ್ಮದೇ ಇರಲಿ ಬಿಡಿ,” ಎಂದಿದ್ದರು ಆಕೆ. ಪೀಡೆ ತೊಲಗಿತು ಎಂದು ಆತ ಹಾಗೇ ಬಿಟ್ಟಿದ್ದ. ಈಗ ಕಚೇರಿಯ ಫೋನಿನಿಂದ ಮನೆಗೆ ಕರೆ ಮಾಡಿದ.

“ಅತ್ತೆ, ಟ್ಯಾಬಿನಲ್ಲಿ ಆರು ಅಂಕಿ ಬಂದಿದೆಯಾ?”

“ಬಂದಿದೆ ಅಳಿಯಂದ್ರೇ. ಬೆಳಿಗ್ಗೆ ನಿಮ್ಮ ಆಫೀಸಿಂದ…”

“ಅತ್ತೆ, ಅಂಕಿ ಮಾತ್ರ ಓದಿ!”

“ಕನ್ನಡಕ ಹಾಕ್ಕೋಬೇಡ್ವೇ? ಹ್ಞಾಂ, ನಾಲ್ಕು… ಏಳು… ಇದು ಒಂದೋ ಏಳೋ? ಇರಿ, ಒರೆಸ್ತೀನಿ.”

ಒರೆಸಿ ಮುಗಿಸುವಷ್ಟರಲ್ಲಿ ಅಂಕಿಯ ಅವಧಿ ತೀರಿತ್ತು. ಎರಡನೆಯ ಸಲ ಆಕೆ ಹಳೆಯದನ್ನೇ ಓದಿದರು. ಮೂರನೆಯ ಸಲ ನಡುವೆ, “ಪಾಪ, ನಿಮ್ಮ ಎಂಜಿನಿಯರು ಒಳ್ಳೇ ಮನುಷ್ಯ ಕಾಣಿಸುತ್ತೆ,” ಎಂದು ಶುರು ಮಾಡಿದರು. “ಅಂಕಿ, ಅತ್ತೆ, ಅಂಕಿ!” ಎಂದು ಗುಮಾಸ್ತ ಕಿರುಚಿದ್ದಕ್ಕೆ ಸಾಲಿನಲ್ಲಿದ್ದವರೆಲ್ಲ ಬೆಚ್ಚಿ ಒಂದು ಹೆಜ್ಜೆ ಹಿಂದೆ ಸರಿದರು.

ನಾಲ್ಕಕ್ಕೆ ಏಳು ನಿಮಿಷ ಇರುವಾಗ ಖಾತೆ ತೆರೆಯಿತು. ಗೆದ್ದೆ! ಗುಮಾಸ್ತನ ಬೆರಳು ‘ಒಪ್ಪಿಗೆ ಸಾರ್’ ಎಂದು ಬರೆಯಲು ತುದಿಗಾಲಲ್ಲಿ ನಿಂತಿತ್ತು.

ಎಂಜಿನಿಯರ ಮೆಸೇಜು ಅಲ್ಲೇ ಇತ್ತು: ‘ಜಲಾಶಯದ ಹುದ್ದೆ ನಿಮಗೆ. ಒಪ್ಪಿಗೆಯೇ?’ ಅದರ ಕೆಳಗೆ, ಐದೇ ನಿಮಿಷದ ಅಂತರದಲ್ಲಿ, ಅವನದೇ ನಂಬರಿನಿಂದ ಉತ್ತರವೂ ಹೋಗಿತ್ತು: ‘ಕ್ಷಮಿಸಿ ಸಾರ್. ಅಲ್ಲಿ ಒಂದೇ ಕೋಣೆ. ನಮ್ಮ ಅತ್ತೆಯವರನ್ನು ಬಿಟ್ಟು ನಾನು ಒಂದು ದಿನವೂ ಇರಲಾರೆ. ಬೇರೆಯವರಿಗೆ ಕೊಡಿ.’

ಅದರ ಕೆಳಗೆ ಎಂಜಿನಿಯರು: ‘ಕಣ್ಣಲ್ಲಿ ನೀರು ಬಂತು. ನಿಮ್ಮಂಥ ಅಳಿಯ ಎಲ್ಲರಿಗೂ ಸಿಗಲಿ. ಹುದ್ದೆಯನ್ನು ಅದಕ್ಕೆ ಅರ್ಜಿ ಹಾಕಿದ್ದ ನಿಮ್ಮ ಹೆಡ್ ಗುಮಾಸ್ತರಿಗೆ ಕೊಟ್ಟು ಒಪ್ಪಿಗೆ ಕೇಳಿದ್ದೇನೆ.’

ಗುಮಾಸ್ತ ಮೆಲ್ಲಗೆ ತಿರುಗಿದ. ಪಕ್ಕದಲ್ಲೇ ಕೂತಿದ್ದ ಹೆಡ್ ಗುಮಾಸ್ತರು ಅದನ್ನು ಓದಿ, ಆಗಷ್ಟೇ ನೆನಪಾದವರಂತೆ ತಮ್ಮ ಜೇಬಿನ ಫೋನ್ ತೆಗೆದು ನೋಡಿದರು. “ಅರೆ, ನನಗೂ ಬಂದಿದೆ ಕಣ್ರೀ! ನಿಮ್ಮದನ್ನ ಸರಿ ಮಾಡೋ ಗಡಿಬಿಡೀಲಿ ನನ್ನದನ್ನ ನೋಡೇ ಇರಲಿಲ್ಲ,” ಎಂದು ಐದು ನಿಮಿಷ ಉಳಿದಿರುವಾಗ ಒಪ್ಪಿಗೆ ಕಳಿಸಿ, ಬೆನ್ನು ತಟ್ಟಿ ಎದ್ದು ಹೋದರು.

ಎರಡು ವರ್ಷದ ಮೆಸೇಜುಗಳು ಒಂದೊಂದಾಗಿ ಗುಮಾಸ್ತನ ಕಣ್ಣ ಮುಂದೆ ಬಂದವು. ಗೆಳೆಯನಿಗೆ ಅತ್ತೆಯ ಗೊರಕೆಯ ಬಗ್ಗೆ ಬರೆದದ್ದು. ಅತ್ತೆಗೆ ಜಾಗ ಇಲ್ಲದ ಮನೆ ಸಿಕ್ಕರೆ ಸಾಕು ಎಂದು ಬರೆದದ್ದು. ಎಲ್ಲವನ್ನೂ ಆಕೆ ಕನ್ನಡಕ ಹಾಕಿಕೊಂಡು, ಒರೆಸಿಕೊಂಡು ಓದಿದ್ದಾರೆ.

ಇನ್ನಾದರೂ ಮಾನ ಉಳಿಯಲಿ ಎಂದು ಖಾತೆಯಿಂದ ಟ್ಯಾಬನ್ನು ತೆಗೆದುಹಾಕುವ ಗುಂಡಿ ಒತ್ತಿದ. ಪರದೆ ವಿನಯದಿಂದ ಹೇಳಿತು: ‘ಖಚಿತಪಡಿಸಲು ಆ ಟ್ಯಾಬಿಗೆ ಆರು ಅಂಕಿ ಕಳಿಸಿದ್ದೇವೆ. ನಮೂದಿಸಿ.’

ಗುಮಾಸ್ತ ಕಚೇರಿಯ ಫೋನನ್ನು ಬಹಳ ಹೊತ್ತು ನೋಡಿದ. ಆಮೇಲೆ ಎತ್ತಿಕೊಂಡ.

“ಅತ್ತೆ…”

“ಬಂದಿದೆ ಅಳಿಯಂದ್ರೇ,” ಎಂದರು ಅತ್ತೆ. “ಆದ್ರೆ ಈಗ ಕನ್ನಡಕ ಸಿಗ್ತಿಲ್ಲ.”