ಎಂಟುನೂರಕ್ಕೆ ಕೊಂಡ ಕಟ್ಟಿಗೆ ಕಸ

ಎಂಟುನೂರು ರೂಪಾಯಿ. ಎಪ್ಪತ್ತರ ದಶಕದಲ್ಲಿ ಅಷ್ಟು ಹಣಕ್ಕೆ ಅಣ್ಣಿಗೇರಿಯಲ್ಲಿ ಒಳ್ಳೆ ಎತ್ತು ಸಿಗುತ್ತಿತ್ತು. ನಾನು ಕಸ ಕೊಂಡೆ. ಕಾಳಿನ ವ್ಯಾಪಾರದಲ್ಲಿ ತಲೆ ನೆರೆತವನಿಗೂ ವರ್ಷಕ್ಕೊಂದು ಇಂಥ ಫಜೀತಿ ಆಗುತ್ತಲೇ ಇರುತ್ತದೆ. ಆ ವರ್ಷ ಸಾಲು ಹಚ್ಚಿ ಆದವು.

ಚೌಕಾಶಿ

ಕಲಘಟಗಿ ಕಡೆ ಜೋಳ ಇಳಿಸಿ ನಮ್ಮ ಲಾರಿ ಖಾಲಿ ಬರುತ್ತಿತ್ತು. ಖಾಲಿ ಲಾರಿ ಕಂಡರೆ ನನ್ನ ಹೊಟ್ಟೆ ಉರಿಯುತ್ತದೆ. ಅಲ್ಲಿಯ ಸಾಮಿಲ್ಲಿನ ಹಿಂದೆ ಸಾಗವಾನಿ ತುಂಡು, ಗರಗಸದ ಹೊಟ್ಟು ಗುಡ್ಡೆಯಾಗಿ ಬಿದ್ದಿತ್ತು. ಮಾಲಕ ಬಾಯಿ ತೆರೆಯುವ ಮೊದಲೇ, "ವರ್ಷದ ಮಾಲಿಗೆ ಸಾವಿರ ಕೇಳಬ್ಯಾಡ್ರಿ, ಆರುನೂರು ಕೊಡ್ತೀನಿ" ಅಂದೆ. ಆತ ಸುಮ್ಮನೆ ನನ್ನ ಮುಖ ನೋಡಿದ. ಗಟ್ಟಿ ಕುಳ ಅಂತ ತಿಳಿದು ಏಳುನೂರು, ಎಂಟುನೂರು ಅಂತ ನಾನೇ ಏರಿಸಿದೆ.

ಹಣ ಕಿಸೆಗೆ ಹೋದ ಮೇಲೆ ಆತ ಅಂದ: "ಸಾವಕಾರ್ರ, ಇದನ್ನ ಒಯ್ದು ಒಗೀರಿ, ಐವತ್ತು ರೂಪಾಯಿ ಕೊಡ್ತೀನಿ ಅಂತ ಹೇಳಾವ್ನಿದ್ದೆ."

ಒಲೆ

ಊರಲ್ಲಿ ಮಾನ ಉಳಿಯಬೇಕಲ್ಲ. ಆ ಕಸವನ್ನೇ ಮಾಲು ಮಾಡಿ ಮಾರಲು ಒಬ್ಬ ಬಡಿಗನನ್ನೂ ಕೆಲಸವಿಲ್ಲದೆ ಕುಳಿತಿದ್ದ ನಾಲ್ಕು ಹೆಣ್ಣಾಳುಗಳನ್ನೂ ಹಚ್ಚಿ, "ಸುಗ್ಗಿ ಮುಗಿಯೂ ತನಕ ದಗದ ಖಾತ್ರಿ" ಅಂತ ಮಾತು ಕೊಟ್ಟೆ. ಮಾಲು ಹೋಗದಿದ್ದರೆ ಎಂಟುನೂರರ ಜೊತೆ ಮಾತೂ ಹೋಗುತ್ತಿತ್ತು.

ಡಬ್ಬಿಯಲ್ಲಿ ಹೊಟ್ಟು ಬಿಗಿದು ಬೆಂಕಿ ಹಚ್ಚಿದರೆ ಮೂರು ತಾಸು ಉರಿಯುತ್ತದೆ ಅಂತ ಕೇಳಿದ್ದೆ. ನಡುವೆ ತೂತು ಬಿಡಬೇಕೆಂಬುದನ್ನು ಕೇಳಿರಲಿಲ್ಲ. ಅಡಿಗೆಮನೆಯಿಂದ ಹೊಗೆ ಓಣಿ ತುಂಬಿತು. ಮನೆಗೆ ಬೆಂಕಿ ಬಿತ್ತೆಂದು ಓಣಿಯವರು ಕೊಡ ಹಿಡಿದು ಓಡಿ ಬಂದು ಡಬ್ಬಿಗೂ, ಬಾಜೂಕಿದ್ದ ಹಳೇ ಒಲೆಗೂ ನೀರು ಸುರಿದರು.

ಮನೆಯವಳು ಸೆರಗಿನಿಂದ ಕಣ್ಣೊರೆಸಿಕೊಂಡು ಅಂದಳು: "ಸೊಳ್ಳಿ ಎಲ್ಲಾ ಹೋದ್ವು. ಇನ್ನ ಅಡಿಗಿ ಯಾತರ ಮ್ಯಾಲೆ ಮಾಡ್ಲಿ, ಹೇಳ್ರಿ."

ಮರುದಿನ ಬಡಿಗ ನಡುವೆ ಬಾಟ್ಲಿ ನಿಲ್ಲಿಸಿ ಹೊಟ್ಟು ಬಿಗಿದ, ಬಾಟ್ಲಿ ಕಿತ್ತ, ಕೆಳಗೆ ಕಿಂಡಿ ಕೊರೆದ. ಚೆಂದ ಉರಿಯಿತು. ಚಹಾದಂಗಡಿಯವರು ಹೊಟ್ಟು ಒಯ್ದರು. ತುಂಡುಗಳು ಉಳಿದವು.

ಲಟ್ಟಣಿಗೆ

ಇದು ಪೂರಾ ನನ್ನದೇ ತಲೆ. ಐದುನೂರು ಲಟ್ಟಣಿಗೆ ಮಾಡಿಸಿದೆ. ಹೆಣ್ಣಾಳುಗಳು ತಿಕ್ಕಿ ತಿಕ್ಕಿ ಕನ್ನಡಿಯಂತೆ ಮಾಡಿದರು. ತಿಕ್ಕುವಾಗ ಯಾಕೆ ನಗುತ್ತಿದ್ದರೆಂದು ನಾನು ಕೇಳಲಿಲ್ಲ. ಬಡಿಗನೂ ನಾನೂ ಬಂಡಿ ಹೂಡಿಕೊಂಡು ಮಾರಲು ತಿರ್ಲಾಪುರಕ್ಕೆ ಹೋದೆವು.

ಒಬ್ಬ ಹೆಣ್ಣುಮಗಳು ಬಂಡಿ ಇಣುಕಿ ನೋಡಿ, "ಯಪ್ಪಾ, ಇಷ್ಟ್ಯಾಕ್ರಿ? ರೊಟ್ಟಿ ಲಟ್ಟಸ್ತಾರೇನ್ರಿ? ಕೈಲೆ ಬಡೀತಾರ" ಅಂದಳು.

"ಹೋಳಿಗಿಗೆ, ಚಪಾತಿಗೆ ಬೇಕಲ್ಲಬೇ?"

"ಅದಕ್ಕ ನಮ್ಮತ್ತಿ ಕೊಟ್ಟದ್ದು ಅದ. ಅದು ಸವೆಯೂದ್ರಾಗ ನನ್ನ ಸೊಸಿ ಮುದುಕಿ ಆಗ್ತಾಳ."

ಐವತ್ತು ವರ್ಷ ಎರಡೂ ಹೊತ್ತು ಜೋಳದ ರೊಟ್ಟಿ ತಿಂದವ ನಾನು. ಒಳಗೆ ಪಟಪಟ ಸಪ್ಪಳವಾದರೆ ಕೈ ತೊಳೆದು ಕೂಡುತ್ತಿದ್ದೆ. ಆ ಸಪ್ಪಳ ಯಾತರದೆಂದು ತಿಳಿಯಲು ತಿರ್ಲಾಪುರಕ್ಕೆ ಹೋಗಬೇಕಾಯಿತು.

ಯರಗುಪ್ಪಿ

ತಿರ್ಲಾಪುರದಿಂದ ಬಂಡಿಯನ್ನು ಯರಗುಪ್ಪಿಗೆ ಹೊಡೆದೆವು. ಅಲ್ಲಿ ಜೋಳ ಕೊಯ್ಲಿಗೆ ಬಂದಿತ್ತು. ಒಬ್ಬ ಮುದುಕಿ ಲಟ್ಟಣಿಗೆಯನ್ನು ಮುಷ್ಟಿಯಲ್ಲಿ ಹಿಡಿದು ನೋಡಿ, "ನಡುವ ಕೊಯ್ದು ಕೊಡ್ರಿ. ನನ್ನ ಕುಡಗೋಲಿನ ಹಿಡಿಕಿ ಮುರದದ" ಅಂದಳು.

"ಯವ್ವಾ, ಸಾಗವಾನಿ ಲಟ್ಟಣಿಗಿ ಅದು!" ಅಂತ ನಾನು ಸಿಟ್ಟಿಗೆದ್ದೆ. ಅಷ್ಟರಲ್ಲಿ ಬಡಿಗ ಕೊಯ್ದೇಬಿಟ್ಟಿದ್ದ. ಕೊಯ್ಲಿನವರೆಲ್ಲ ಹಿಡಿಕೆ ಕೊಂಡು ಸಂಜೆಯೊಳಗೆ ಬಂಡಿ ಅರ್ಧ ಖಾಲಿ ಮಾಡಿದರು. ಉಳಿದ ತುಂಡುಗಳಿಂದಲೂ ಹಿಡಿಕೆಯನ್ನೇ ಮಾಡಿಸಿದೆ. ಐದೂ ಮಂದಿಗೆ ಸುಗ್ಗಿ ಮುಗಿಯುವ ತನಕ ಒಂದು ದಿನವೂ ಕೆಲಸ ತಪ್ಪಲಿಲ್ಲ.

ಕಡೆಗೆ ಎಲ್ಲರನ್ನೂ ಕಟ್ಟೆಯ ಮೇಲೆ ಕೂಡಿಸಿ ಲೆಕ್ಕ ಓದಿದೆ. ಹೆಣ್ಣಾಳುಗಳು ತಲಾ ಇನ್ನೂರರ ಮೇಲೆ ದುಡಿದಿದ್ದರು, ಬಡಿಗ ಐದುನೂರು. ನಾನು ಹಾಕಿದ್ದು, ಕೂಲಿ, ಡೀಸೆಲ್ಲು ಎಲ್ಲ ಕಳೆದು ನನಗೆ ಉಳಿದದ್ದು ಎಪ್ಪತ್ತೊಂದು.

ಆಮೇಲೆ ಬಡಿಗ ನನ್ನ ಮೇಲೆ ಕನಿಕರದಿಂದ ಅಂದ: "ಸಾವಕಾರ್ರ, ಬರೂ ವರ್ಷ ನೀವು ತಿಕ್ಕಾಕ ಬರ್ರಿ. ಕೂಲಿ ಛಲೋ ಬೀಳ್ತದ."

ಹೀಗೆ ಆ ವರ್ಷದ ಒಟ್ಟು ಗಳಿಕೆ: ರೂಪಾಯಿ ಎಪ್ಪತ್ತೊಂದು, ಮತ್ತು ನನಗೊಂದು ಕೂಲಿ ಕೆಲಸ.