ಪರಮಾನಂದನ ಎರಡು ಪಲ್ಲಂಗ

ಎಲ್ಲಾ ಸುರುವಾದದ್ದು ಒಂದು ಚೇಳಿನಿಂದ.

ಬಸವನ ಬಾಗೇವಾಡಿಯ ಬಸ್ ಕಂಡಕ್ಟರ್ ಪರಮಾನಂದನ ಸಣ್ಣ ಮಗಳು ಸುಜಾತಾಳ ಕೌದಿಯ ಕೆಳಗೆ ಒಂದು ಮುಂಜಾನೆ ಅದು ಬಾಲ ಎತ್ತಿಕೊಂಡು ಕೂತಿತ್ತು, ಪಾಸ್ ಇದ್ದ ಪ್ರಯಾಣಿಕನ ಗತ್ತಿನಲ್ಲಿ. ಪುಣ್ಯಕ್ಕೆ ಕಡಿಯಲಿಲ್ಲ. ಆದರೆ ಇನ್ನು ಮೇಲೆ ತನ್ನ ಮಕ್ಕಳು ನೆಲದ ಮೇಲೆ ಮಲಗಕೂಡದು, ಇಬ್ಬರಿಗೂ ಒಂದೊಂದು ಮಂಚ ಬೇಕು, ಅದನ್ನು ತಾನೇ ಮಾಡಬೇಕು ಎಂದು ಪರಮಾನಂದ ಆಗಲೇ ನಿಶ್ಚಯಿಸಿದ.

ತಾನೇ ಮಾಡಬೇಕೆನ್ನಿಸಿದ್ದಕ್ಕೆ ಕಾರಣ ಫೋನಿನಲ್ಲಿ ಕಂಡ ಒಂದು ವಿಡಿಯೋ. ಅದರಲ್ಲಿ ಯಾರೋ ಒಬ್ಬ ಅಪ್ಪ ಗುಟ್ಟಾಗಿ ಮಂಚ ಮಾಡುತ್ತಾನೆ, ಮಕ್ಕಳು ಸಾಲಿಯಿಂದ ಬಂದು ಕಿರುಚಿ ಅವನ ಕೊರಳಿಗೆ ಬೀಳುತ್ತಾರೆ. ತನ್ನ ಕೊರಳಿಗೂ ಒಮ್ಮೆ ಹಾಗೆ ಯಾರಾದರೂ ಬೀಳಲಿ ಎಂದು ಪರಮಾನಂದನಿಗೆ ಆಸೆಯಾಯಿತು. ಹೆಂಡತಿ ಸುನಂದಾಗೂ ಹೇಳಲಿಲ್ಲ. ಹೋದ ವರ್ಷ ಡಂಗುರ ಸಾರಿ ಮಾಡಿದ ಓದುವ ಟೇಬಲ್ಲು ಈಗ ಹಿತ್ತಲಲ್ಲಿ ಕೋಳಿಗೂಡಾಗಿದೆ. ಕೋಳಿಗಳೂ ಅದರೊಳಗೆ ಹೆದರಿಕೊಂಡೇ ಹೋಗುತ್ತವೆ.

ಪರಮಾನಂದನ ವಾರದ ರಜೆಯ ದಿನ ಬಂತು. ಮಕ್ಕಳು ಕನ್ನಡಿ ಮುಂದೆ ಜಡೆ ಹೆಣೆದುಕೊಳ್ಳುತ್ತಿದ್ದಾಗ ಪರಮಾನಂದ ಹಿಂದಿನಿಂದ ಟೇಪು ಹಿಡಿದ.

"ಏನಪ್ಪಾ ಅದು?" ಎಂದಳು ಒಂಬತ್ತನೇ ತರಗತಿಯ ದೊಡ್ಡ ಮಗಳು ಪ್ರಜ್ಞಾ.

"ಏನಿಲ್ಲವಾ. ಎಷ್ಟ್ ಬೆಳದೀರಿ ನೋಡಾಕತ್ತೇನಿ."

ಆಮೇಲೆ ಬಡಿಗ ಅಮೀನುದ್ದೀನನಿಗೆ ಫೋನು. ಅವನ ಗರಗಸ ಬೇಕಾಗಿತ್ತು. "ಎರಡೂ ಇವತ್ತಽ ಮುಗಿಸಿಬಿಡ್ತೇನಿ ಅಮೀನಣ್ಣಾ. ಹುಡುಗ್ಯಾರಿಗೆ ಸುಳಿವು ಸಿಗಬಾರದು." ದನಿ ತಗ್ಗಿಸಿಯೇ ಮಾತಾಡಿದ. ಆದರೆ ಕಂಡಕ್ಟರ್ ದನಿ ತಗ್ಗಿಸಿದರೂ ಬಸ್ಸಿನ ಹಿಂದಿನ ಸೀಟಿಗೆ ಕೇಳಿಸುತ್ತದೆ.

ಮಕ್ಕಳು ಸಾಲಿಗೆ ಹೋದರು. ಸುನಂದಾ ಅದೇ ಸಾಲಿಯ ಬಿಸಿಯೂಟದ ಅಡಿಗೆಗೆ ಹೋದಳು. ಪರಮಾನಂದ ತಲಬಾಗಿಲು ಹಾಕಿಕೊಂಡು ಹಿತ್ತಲಲ್ಲಿ ಗರಗಸ ಎಳೆಯತೊಡಗಿದ.

ತಾಸಾಗಿರಲಿಲ್ಲ, ಗೋಡೆಯ ಮೇಲೆ ಮಗ್ಗುಲ ಮನೆಯ ಮರೆವ್ವನ ತಲೆ ಮೂಡಿತು.

"ಏನ್ ಕೊಯ್ಯಾಕತ್ತೀಯೋ ಪರಮಾನಂದಾ?"

"ಕಪಾಟ ರಿಪೇರಿ, ಆಯೀ."

"ಕಪಾಟಕ್ಕ ಎಂಟು ಕಾಲು ಯಾಕೋ ತಮ್ಮಾ?"

ಪರಮಾನಂದ ಕಾಲುಗಳ ಮೇಲೆ ಗೋಣಿಚೀಲ ಎಳೆದ. ಅಲ್ಲಿಗೆ ಕೆಟ್ಟಿತು. ಆ ಓಣಿಯಲ್ಲಿ ಹೆಣ್ಣುಮಕ್ಕಳಿದ್ದ ಮನೆಯಲ್ಲಿ ಹೊಸ ಪಲ್ಲಂಗ ತಯಾರಾಯಿತೆಂದರೆ ಅದು ಮಲಗುವುದಕ್ಕಲ್ಲ, ಬಾಂಡೆ ಸಾಮಾನಿನ ಸಂಗಡ ಟ್ರ್ಯಾಕ್ಟರ್ ಹತ್ತಿ ಬೀಗರ ಮನೆಗೆ ಹೋಗುವುದಕ್ಕೆ. ಮಲಗಲು ನೆಲವಿದೆ, ಹೊರಸಿದೆ.

ಕಟ್ಟಿಗೆ ಸಾಲಿಯ ಬೋರ್ಡಿನಷ್ಟು ಕಪ್ಪಗೆ ಕಂಡದ್ದರಿಂದ ಪರಮಾನಂದನಿಗೆ ಇನ್ನೊಂದು ಬುದ್ಧಿ ಹೊಳೆಯಿತು. ಅರಿಷಿಣ ಎಣ್ಣೆಯಲ್ಲಿ ಕಲಸಿ ಬಳಿದರೆ ಹೊಂಬಣ್ಣ ಬಂದೀತು! ಓಣಿಯ ಮೂಲೆಯ ಶ್ರೀಶೈಲಪ್ಪನ ಕಿರಾಣಿ ಅಂಗಡಿಗೆ ಓಡಿದ.

"ಒಂದು ಕಿಲೋ ಅರಿಷಿಣ ಕೊಡ್ರಿ."

"ಒಂದು ಕಿಲೋ?" ಶ್ರೀಶೈಲಪ್ಪನ ತಕ್ಕಡಿ ಗಾಳಿಯಲ್ಲೇ ನಿಂತಿತು. "ಏನ್ ಕಾರ್ಯ ತಗದೀರಿ ಕಂಡಕ್ಟರ್ರ?"

"ಕಾರ್ಯ ಎಲ್ಲೀದ್ರಿ? ಸುಮ್ನ... ಪಲ್ಯಾಕ್ಕ."

ಅವನು ತಿರುಗಿದ್ದೇ ತಡ, ಮರೆವ್ವ ಅಂಗಡಿಕಟ್ಟೆಗೆ ಬಂದು ಕೂತಳು. ಎಂಟು ಕಾಲೂ ಒಂದು ಕಿಲೋ ಅರಿಷಿಣವೂ ಅಲ್ಲಿ ಕೂಡಿದವು.

"ಒಂದಽ ಹಂದರದಾಗ ಇಬ್ರದೂ ಲಗ್ನಾ ಮುಗಸ್ತಾನ" ಎಂದ ಶ್ರೀಶೈಲಪ್ಪ.

"ಸಣ್ಣಾಕಿ ಇನ್ನಾ ಆರನೇತ್ತೆ ಕಲಿಯಾಕತ್ತಾಳ!"

"ಅದಕ್ಕಽ ಬಾಗಲಾ ಹಾಕ್ಕೊಂಡಾನಬೇ!"

ಊಟದ ಹೊತ್ತಿಗೆ ಓಣಿಯ ಕಣ್ಣೆಲ್ಲ ಪರಮಾನಂದನ ಬಾಗಿಲ ಮೇಲಿತ್ತು. ಮೂರರ ಸುಮಾರಿಗೆ ಜೀಪು ಬಂತು. ಮಕ್ಕಳ ರಕ್ಷಣೆಯ ಅಧಿಕಾರಿ ವಿದ್ಯಾವತಿ ಮೇಡಂ ಇಳಿದರು, ಹಿಂದೆ ಪೊಲೀಸ್ ಪರಶು. ಬಾಗಿಲು ತೆಗೆದ ಪರಮಾನಂದನ ಕೈ ಮೊಣಕೈತನಕ ಹಳದಿ.

"ವರ ಎಲ್ಲಿ ಅದಾರ?" ಎಂದರು ಮೇಡಂ.

"ಯಾವ ವರಾರೀ?"

"ಇಬ್ರೂ."

ಪರಮಾನಂದ ಹಳದಿ ಕೈಗಳನ್ನು ಬೆನ್ನ ಹಿಂದೆ ಸರಿಸಿದ. ಇಪ್ಪತ್ತು ವರ್ಷ ಎಲ್ಲರ ಕಡೆ ಟಿಕೆಟ್ ಕೇಳಿದವನಿಗೆ ಮೊದಲ ಸಲ ತನ್ನ ಕಿಸೆಯಲ್ಲಿ ಟಿಕೆಟ್ ಇಲ್ಲ ಅನಿಸಿತು.

"ಈ ಅರಿಷಿಣ ಯಾರಿಗೆ ಹಚ್ಚೀರಿ?"

"ಪಲ್ಲಂಗಕ್ಕರೀ."

"ಪಲ್ಲಂಗಕ್ಕ ಅರಿಷಿಣ ಹಚ್ಚೂ ಪದ್ಧತಿ ಯಾವೂರಾಗೈತ್ರಿ? ಸಣ್ಣ ಹುಡುಗ್ಯಾರ ಲಗ್ನ ಮಾಡಿದ್ರ ನೌಕರಿ ಹೋಗ್ತೈತಿ, ಜೇಲೂ ಆಗ್ತೈತಿ. ಗೊತ್ತೈತಿಲ್ಲೋ?"

"ಲಗ್ನ ಅಲ್ರೀ ಮೇಡಂ! ಚೇಳು! ಚೇಳಿನ ಸಲುವಾಗಿ!"

"ಕುಡದಾನೇನೋ ನೋಡು" ಎಂದರು ಮೇಡಂ, ಪರಶುವಿನ ಕಡೆ ತಿರುಗಿ.

ಹಿತ್ತಲಲ್ಲಿ ಎರಡು ಹಳದಿ ಮಂಚ ಬಿಸಿಲು ಕಾಯುತ್ತಿದ್ದವು. ಪರಶು ಒಂದನ್ನು ತಟ್ಟಿ ನೋಡಿದ, ಮೆಲ್ಲಗೆ ಕೂತ. ಮಂಚ ಒಂಟೆಯ ಹಾಗೆ ಮೊದಲು ಮುಂಗಾಲು ಮಡಚಿತು, ಆಮೇಲೆ ಹಿಂಗಾಲು. ಪರಶು ಟೊಪ್ಪಿಗೆಯ ಸಮೇತ ಕೋಳಿಗೂಡಿನ ಮುಂದೆ ಬಿದ್ದ.

ಮೇಡಂ ಬಹಳ ಹೊತ್ತು ನಕ್ಕರು. "ನಡೀರಿ, ಇದು ಲಗ್ನ ಅಲ್ಲ. ಇಂಥಾ ಪಲ್ಲಂಗ ಬೀಗರ ಮನಿಗೆ ಕಳಿಸೂ ಧೈರ್ಯ ಯಾವ ತಂದಿಗೂ ಇರೂದಿಲ್ಲ. ಸ್ವಂತ ಮಕ್ಕಳಿಗಽ ಮಾಡ್ಯಾನ."

ನಿರ್ದೋಷಿ ಎಂದು ಸಾಬೀತಾದ ಪರಮಾನಂದನಿಗೆ ಇದಕ್ಕಿಂತ ಜೇಲು ವಾಸಿ ಅನಿಸಿತು. ಸಿಟ್ಟೆಲ್ಲ ಗೋಡೆಯ ಮೇಲಿನ ಮರೆವ್ವನ ತಲೆಯ ಕಡೆ ತಿರುಗಿತು.

"ಆಯೀ, ಫೋನ್ ಮಾಡಿದಾಕಿ ನೀನಽ ಹೌದಲ್ಲೋ?"

"ನಾ ಯಾಕ್ ಮಾಡ್ಲೋ ಭಾಡ್ಯಾ? ಲಗ್ನ ನಿಂತ್ರ ನನ್ನ ಹೋಳಿಗಿ ಊಟಾ ತಪ್ಪತೈತಿ!"

ಅಷ್ಟರಲ್ಲಿ ಸಾಲಿ ಬಿಟ್ಟು ಸುನಂದಾ ಮಕ್ಕಳೊಂದಿಗೆ ಬಂದಳು. ಜೀಪು ಕಂಡು ಸುನಂದಾ ಬಾಗಿಲಲ್ಲೇ ನಿಂತಳು. ಪ್ರಜ್ಞಾ ಮಾತ್ರ ನೆಟ್ಟಗೆ ಮೇಡಂ ಹತ್ತಿರ ಹೋದಳು.

"ನಾನಽರೀ ಮೇಡಂ, ದೊಡ್ಡ ಟೀಚರ್ ಫೋನಿಂದ ಹೇಳಿದಾಕಿ."

"ಶಾಭಾಸ್! ಹುಡುಗಿ ಅಂದ್ರ ಹಿಂಗಿರಬೇಕು!" ಮೇಡಂ ಬೆನ್ನು ತಟ್ಟಿದರು. ಓಣಿ ಚಪ್ಪಾಳೆ ಹೊಡೆಯಿತು. ಏನು ಮಾಡಬೇಕೋ ತಿಳಿಯದೆ ಪರಮಾನಂದನೂ ಹೊಡೆದ.

ಜೀಪು ಹೋದ ಮೇಲೆ ಕೇಳಿದ, "ಯವ್ವಾ ಪ್ರಜ್ಞಾ, ನಿಮ್ಮಪ್ಪನ ಮ್ಯಾಲೇ ಸಂಶೇನಾ?"

"ಅಳತಿ ತಗೊಂಡಿ. ಎರಡೂ ಇವತ್ತಽ ಮುಗಸ್ತೇನಿ ಅಂದಿ. ನಾ ಏನ್ ತಿಳ್ಕೋಬೇಕಪ್ಪಾ?"

"ಈಗ ಗೊತ್ತಾತಲ್ಲ? ಅಲ್ಲಿ ಇನ್ನೊಂದು ಗಟ್ಟಿ ಐತಿ. ಹತ್ರಿ, ಇಬ್ರೂ ಹತ್ರಿ."

ಪ್ರಜ್ಞಾ ಉಳಿದ ಮಂಚವನ್ನು ನೋಡಿದಳು, ಅದರ ಅರಿಷಿಣ ನೋಡಿದಳು, ಗೋಡೆಯ ಮೇಲಿನ ಮರೆವ್ವನ ತಲೆ ನೋಡಿದಳು.

"ನಂಗ ಹದಿನೆಂಟು ತುಂಬೂತನಾ ನಾ ಪಲ್ಲಂಗ ಹತ್ತೂದಿಲ್ಲ."

"ನಾನೂ" ಎಂದಳು ಸುಜಾತಾ. ಹದಿನೆಂಟಕ್ಕೂ ಪಲ್ಲಂಗಕ್ಕೂ ಏನು ಸಂಬಂಧವೋ ಅವಳಿಗೆ ತಿಳಿದಿರಲಿಲ್ಲ.

ಇಬ್ಬರೂ ಒಳಗೆ ಹೋಗಿ ಕೌದಿ ಎರಡು ಸಲ ಝಾಡಿಸಿ, ಎಂದಿನಂತೆ ನೆಲದ ಮೇಲೆ ಹಾಸಿಕೊಂಡು ಪುಸ್ತಕ ತೆಗೆದರು. ಸುನಂದಾ ರೊಟ್ಟಿ ಬಡಿಯಲು ಕೂತಳು. ಪರಮಾನಂದ ಉಳಿದ ಮಂಚವನ್ನು ಪಡಸಾಲೆಗೆ ಎಳೆದು ತಂದು ತಾನೇ ಅಡ್ಡಾದ. ಸುಜಾತಾಳ ಅಳತೆಯದು. ಮೊಣಕಾಲಿನಿಂದ ಆಚೆಗಿನದೆಲ್ಲ ಹೊರಗೆ ಜೋತುಬಿತ್ತು.

ಕಿಟಕಿಯಲ್ಲಿ ಮರೆವ್ವನ ತಲೆ ಮೂಡಿತು.

"ಮಕ್ಕಳು ಒಲ್ಲೆ ಅಂದ್ವಲ್ಲೋ ತಮ್ಮಾ. ಹಂಗಾದ್ರ ಹೊಸಾ ಪಲ್ಲಂಗ ಯಾವಾಕಿಗೋ? ಬಾಗಲಾ ಹಾಕ್ಕೊಂಡು ಮಾಡಿ, ಕೈತುಂಬ ಅರಿಷಿಣ ಹಚ್ಕೊಂಡಿ, ಹೇಂತಿಗೂ ಹೇಳಿಲ್ಲ... ನಿನ್ನ ನಡಿಗಿ ನನಗ್ಯಾಕೋ ಛಲೋ ಕಾಣವಲ್ದು."

ಒಳಗೆ ರೊಟ್ಟಿ ಬಡಿಯುವ ಸಪ್ಪಳ ನಿಂತಿತು.

ಹಿಟ್ಟಿನ ಕೈಯಲ್ಲೇ ಸುನಂದಾ ಬಂದು ಗಂಡನ ಹಳದಿ ಕೈಗಳನ್ನು ದಿಟ್ಟಿಸಿ ನೋಡಿದಳು. ಸಾಬೂನಿಗೂ ಅದು ಹೋಗಿರಲಿಲ್ಲ.

"ಹೌದಲ್ಲ. ನನಗ್ಯಾಕ್ರೀ ಹೇಳಿಲ್ಲ?"

ಮೂಲೆಯಲ್ಲಿ ಪ್ರಜ್ಞಾ ಪುಸ್ತಕ ಮುಚ್ಚಿ ಅವ್ವನ ಫೋನು ಕೈಗೆತ್ತಿಕೊಂಡಳು.